ರೂಬೆನ್ ಹೊಡೆದ ಜಿಂಕೆ

ಜಿಂಕೆ ಸತ್ತದ್ದಕ್ಕೆ ಐಲಿಗೆ ಬೇಸರವಿರಲಿಲ್ಲ. ಹೊಡೆದವನು ರೂಬೆನ್, ಅದೇ ಬೇಸರ.

ಅದೂ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ. ಹಳ್ಳದ ದಂಡೆಯಲ್ಲಿ ಬಿದ್ದಿತ್ತು. ದೊಡ್ಡಪ್ಪ ಆರ್ವೊ ಅದರ ಕೊಂಬಿಗೆ ಬೇಟೆಯ ಚೀಟಿ ಕಟ್ಟುತ್ತಿದ್ದರು. ಚೀಟಿಯ ಮೇಲೆ ಅವರ ಮಗ ರೂಬೆನ್‌ನ ಹೆಸರು.

"ನೋಡಿದ್ಯಾ ಐಲಿ?" ಎಂದ ರೂಬೆನ್.

"ನೋಡ್ದೆ."

"ಇನ್ನೊಂದ್ಸಲ ನೋಡು."

ಐಲಿ ಮರ ನೋಡಿದಳು.

ರೂಬೆನ್ ಡೆಟ್ರಾಯಿಟ್‌ನವನು. ವರ್ಷಕ್ಕೊಂದು ಸಲ ಬೇಟೆಗೆಂದು ಮಿಷಿಗನ್‌ನ ಈ ಬಡಗಣ ತುದಿಗೆ, ಅಜ್ಜಿಯ ಮನೆಗೆ ಬರುತ್ತಾನೆ. ಐಲಿ ಇಲ್ಲೇ ಹುಟ್ಟಿದವಳು. ಯಾವ ಜಿಂಕೆ ಯಾವ ಮಗ್ಗುಲಲ್ಲಿ ಮಲಗುತ್ತದೆ, ಯಾವುದು ಗೊರಕೆ ಹೊಡೆಯುತ್ತದೆ ಎನ್ನುವುದೂ ಅವಳಿಗೆ ಗೊತ್ತು. ಬಂದೂಕು ಕೇಳಿದರೆ ಮಾತ್ರ ಅಪ್ಪ, "ಮುಂದಿನ ವರ್ಷ ನೋಡೋಣ ಪುಟ್ಟಿ" ಎನ್ನುತ್ತಾನೆ. ಹೋದ ವರ್ಷವೂ ಅದನ್ನೇ ಅಂದಿದ್ದ.

ಬೇಟೆಯ ಮೊದಲ ದಿನ ಈ ಊರಿನ ಶಾಲೆಗೆ ರಜೆ. ಕೊಡದಿದ್ದರೂ ರಜೆಯೇ, ಮೇಷ್ಟ್ರುಗಳೆಲ್ಲ ಬಂದೂಕು ಹಿಡಿದು ಮರದ ಮೇಲೆ ಕೂತಿರುತ್ತಾರೆ. ಈ ಸಲ ಹಿಮ ಬಿದ್ದಿರಲಿಲ್ಲ. ಎಂಥ ಬಿಸಿಲೆಂದರೆ, ಚಳಿಗಾಲಕ್ಕೆಂದು ಮಲಗಿದ್ದ ನೊಣಗಳು ಎದ್ದು ಹಲ್ಲುಜ್ಜಿಕೊಂಡು ಬಂದಿದ್ದವು.

"ಕಾಯ್ಬೇಡ ಮಗಾ," ಎಂದರು ದೊಡ್ಡಪ್ಪ. "ಈ ಬಿಸಿಲಿಗೆ ಮಾಂಸ ಕೆಟ್ಟೋಗತ್ತೆ. ಈಗ್ಲೇ ಹೊಟ್ಟೆ ಕೊಯ್ದು ಒಳಗಿರೋದನ್ನೆಲ್ಲ ತೆಗ್ದುಬಿಡು. ಹೇಳ್ಕೊಟ್ಟಿದೀನಲ್ಲ?"

"ಗೊತ್ತಪ್ಪ. ಈಸಿ."

"ಐಲಿ, ನೀನು ಕಾಲು ಹಿಡ್ಕೋ."

ಪ್ರತಿ ವರ್ಷವೂ ಅವಳಿಗೆ ಸಿಗುವ ಕೆಲಸ ಅದೇ. ಅಜ್ಜಿ ಕೊಯ್ಯುತ್ತಾಳೆ, ಐಲಿ ಕಾಲು ಹಿಡಿಯುತ್ತಾಳೆ.

ದೊಡ್ಡಪ್ಪ ಬಂದೂಕು ಹೆಗಲಿಗೇರಿಸಿ ಟ್ರ್ಯಾಕ್ಟರ್ ತರಲು ಹೋದರು. ರೂಬೆನ್ ಚಾಕು ತೆಗೆದ. ಅದು ತಾತನ ಚಾಕು. ಇವತ್ತು ಬೆಳಿಗ್ಗೆ ಅದೂ ಅವನ ಪಾಲಾಗಿತ್ತು.

"ಇಲ್ಲೇ ಮಾಡೋಣ. ನೀರು ಹತ್ರ ಇದೆ, ತೊಳೆಯೋಕೆ ಸುಲಭ."

ಐಲಿಯ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಈ ಹಳ್ಳ ಕೆಳಗೆ ಅಜ್ಜಿಯ ಹಬೆಸ್ನಾನದ ಮನೆಯ ಪಕ್ಕದಲ್ಲೇ ಹರಿಯುತ್ತದೆ. ಸಂಜೆ ಮನೆಯವರೆಲ್ಲ ಮೈಗೆ ಸುರಿದುಕೊಳ್ಳುವುದು ಈ ನೀರನ್ನೇ. ಅದರಲ್ಲಿ ಕರುಳು ತೇಲಿ ಬಂದರೆ ಅಜ್ಜಿ ರೂಬೆನ್‌ನನ್ನು ಕಾದ ಒಲೆಯ ಮೇಲೆ ಕೂರಿಸುತ್ತಾಳೆ.

ಕೂರಿಸಲಿ, ಎಂದುಕೊಂಡಳು ಐಲಿ.

ರೂಬೆನ್ ಚಾಕುವಿನ ಮೊನೆಯನ್ನು ಕೆಳಮುಖವಾಗಿ ಜಿಂಕೆಯ ಹೊಟ್ಟೆಯ ಮೇಲಿಟ್ಟ. ಹಾಗೆ ಚುಚ್ಚಿದರೆ ಒಳಗಿನ ಚೀಲ ಒಡೆಯುತ್ತದೆ, ಹಸಿರು ಗಲೀಜು ಮಾಂಸಕ್ಕೆಲ್ಲ ಹರಡುತ್ತದೆ. ಆಮೇಲೆ ನಾಯಿಯೂ ಮೂಸುವುದಿಲ್ಲ. "ಎಂಟು ಕವಲಿನ ಜಿಂಕೆ ಹಾಳುಮಾಡಿದನಂತಲ್ಲ ಆ ಪೇಟೆ ಹುಡುಗ!" ಎಂದು ಊರೆಲ್ಲ ಆಡಿಕೊಳ್ಳುವುದು ಐಲಿಗೆ ಈಗಲೇ ಕೇಳಿಸಿತು. ಚೆನ್ನಾಗಿತ್ತು. ಇನ್ನೊಮ್ಮೆ ಕೇಳಿಸಿಕೊಂಡಳು.

ಆದರೆ ಚಾಕು ಒಳಗಿಳಿಯಲೇ ಇಲ್ಲ. ರೂಬೆನ್ ಎದ್ದು ಮರದ ಹಿಂದೆ ಓಡಿದ. ಬೆಳಗಿನ ತಿಂಡಿಯೆಲ್ಲ ಅಲ್ಲಿ ಹೊರಬಂತು.

"ಅಪ್ಪ ಹೇಳ್ಕೊಡೋವಾಗ ನಾನು ಕಣ್ಣು ಮುಚ್ಕೊಂಡಿದ್ದೆ," ಎಂದ, ಬಾಯಿ ಒರೆಸಿಕೊಳ್ಳುತ್ತ. "ಯಾರಿಗೂ ಹೇಳ್ಬೇಡ ಕಣೆ."

ಒಂದು ನೊಣ ಬಂದು ಜಿಂಕೆಯ ಮೂಗಿನ ಮೇಲೆ ಕೂತಿತು. ಐಲಿ ಅದನ್ನು ಓಡಿಸಿದಳು. ಇನ್ನೊಂದು ಬಂತು. ಈ ಮಾಂಸ ಹಾಳಾದರೆ ಚಳಿಗಾಲವಿಡೀ ಅಜ್ಜಿಯ ಪಾತ್ರೆಯಲ್ಲಿ ಬರೀ ಆಲೂಗಡ್ಡೆ ಬೇಯುತ್ತದೆ.

"ಮೊದ್ಲು ಮೇಲಕ್ಕೆ ಎಳಿ," ಎಂದಳು. "ಆ ಮರದ ನೆರಳಿಗೆ. ಇಲ್ಲಿ ಕೊಯ್ದ್ರೆ ಸಂಜೆ ಕರುಳಲ್ಲಿ ಸ್ನಾನ ಮಾಡ್ಬೇಕಾಗತ್ತೆ."

ರೂಬೆನ್ ಕೊಂಬು ಹಿಡಿದು ಎಳೆದ. ಕೆಂಪಗಾದ, ಜಾರಿಬಿದ್ದ, ಎದ್ದು ಮತ್ತೆ ಎಳೆದ. ನೆರಳು ಸಿಕ್ಕಿತು.

"ತಲೆ ಏರಿನ ಕಡೆಗಿರ್ಲಿ. ಎರಡು ಬೆರಳು ಚರ್ಮದ ಒಳಗೆ ಹಾಕು. ಚಾಕು ಬಾಯಿ ಆಕಾಶ ನೋಡ್ಬೇಕು. ಚರ್ಮ ಮಾತ್ರ ಕೊಯ್ಯೋದು."

ಅವನು ಚಾಕುವನ್ನು ಅವಳ ಕಡೆ ಚಾಚಿದ. "ನೀನೇ ಮಾಡು ಐಲಿ. ಪ್ಲೀಸ್. ಕಾಲು ನಾನು ಹಿಡ್ಕೋತೀನಿ."

ಐಲಿ ನಿಧಾನವಾಗಿ ಕೊಯ್ದಳು, ಅಜ್ಜಿಯ ಹಾಗೆಯೇ, ಉಸಿರು ಬಿಗಿಹಿಡಿದು. ಚೀಲ ಒಡೆಯಲಿಲ್ಲ. ಇಬ್ಬರೂ ಸೇರಿ ಜಿಂಕೆಯನ್ನು ಮಗ್ಗುಲಿಗೆ ಹೊರಳಿಸಿದಾಗ ಒಳಗಿದ್ದದ್ದೆಲ್ಲ ಬಿಸಿಬಿಸಿಯಾಗಿ ನೆಲಕ್ಕೆ ಜಾರಿತು.

ದೊಡ್ಡಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಬಗ್ಗಿ ನೋಡಿದರು. "ಪರ್ವಾಗಿಲ್ವೇ! ಮಾಂಸಕ್ಕೆ ಒಂದು ಕೂದಲೂ ಅಂಟಿಲ್ಲ." ಆಮೇಲೆ ಮಗನ ಕೈ ನೋಡಿದರು. ಐಲಿಯ ಕೈ ನೋಡಿದರು. ಅವಳದು ಮೊಣಕೈವರೆಗೂ ಕೆಂಪಾಗಿತ್ತು.

"ಐಲಿದೇ ಕೆಲ್ಸ," ಎಂದ ರೂಬೆನ್, ನೆಲ ನೋಡುತ್ತ.

"ಮತ್ತೆ ನೀನೇನು ಮಾಡ್ತಿದ್ದೆ, ಮೇಲ್ವಿಚಾರಣೆನಾ?"

ರೂಬೆನ್ ಐಲಿಯನ್ನು ನೋಡಿದ. ಮರದ ಹಿಂದಿನ ಕತೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬೆಳಿಗ್ಗೆಯಿಂದ ಅಂಥದ್ದೊಂದಕ್ಕೇ ಅವಳು ಕಾದಿದ್ದಳು.

"ಇಷ್ಟು ದೂರ ಎಳ್ಕೊಂಡು ಬಂದಿದ್ದು ಅವ್ನೇ ದೊಡ್ಡಪ್ಪ," ಎಂದಳು. "ನನ್ ಕೈಲಂತೂ ಅಲ್ಲಾಡ್ಸೋಕೂ ಆಗ್ತಿರ್ಲಿಲ್ಲ."

ಏನಾದರೊಂದು ಸುಳ್ಳು ಹೇಳಿ ಅವನನ್ನು ಉಳಿಸೋಣವೆಂದು ಬಾಯಿ ತೆರೆದಿದ್ದಳು. ಹೊರಬಂದದ್ದು ನಿಜವಾಗಿತ್ತು. ಅವಳಿಗೇ ಆಶ್ಚರ್ಯವಾಯಿತು.

ಟ್ರ್ಯಾಕ್ಟರ್ ಅಂಗಳಕ್ಕೆ ಬಂದಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಯಾರು ಹೊಡ್ದಿದ್ದು?"

ರೂಬೆನ್ ಬಗ್ಗಿ ಬೂಟಿನ ಕೆಸರು ಕೆರೆಯತೊಡಗಿದ.

"ರೂಬೆನ್ ಅಜ್ಜಿ," ಎಂದಳು ಐಲಿ. "ಒಂದೇ ಗುಂಡಿಗೆ."

ಹೇಳುವಾಗ ಅವಳು ಮರ ನೋಡಲಿಲ್ಲ, ಜಿಂಕೆಯನ್ನೇ ನೋಡಿದಳು.