ಕಂಡಷ್ಟು ಭಾಗದಲ್ಲಿ ಕಲ್ಲಿಲ್ಲ

ಚಂದ್ರಹಾಸನನ್ನು ನಾನು ಮೊದಲ ಸಲ ಮಾತಾಡಿಸಿದ್ದೇ ಬೈಗುಳದಿಂದ.

ಎಂಆರ್‌ಐ ಕೋಣೆಯ ಬಾಗಿಲಿಗೆ ಕೈ ಹಾಕಿಬಿಟ್ಟಿದ್ದ. ಜೇಬಿನಲ್ಲಿ ಮೊಬೈಲು, ಬೆರಳಲ್ಲಿ ತಿರುಗುವ ಬೈಕಿನ ಕೀಗೊಂಚಲು, ಮುಖದಲ್ಲಿ ಮಾವನ ಮನೆಗೆ ಬಂದ ಅಳಿಯನ ನಿರಾಳ. ಒಳಗಿರುವುದು ಕಬ್ಬಿಣ ಕಂಡರೆ ಸೆಳೆದುಕೊಳ್ಳುವ ಭಾರಿ ಅಯಸ್ಕಾಂತ.

"ಏ ಮಾರಾಯ್ರೇ, ನಿಲ್ಲಿ! ಬೋರ್ಡ್ ಓದೋಕೆ ಬರಲ್ವಾ? ಪೇಷಂಟ್ ಕಡೆಯವ್ರು ಹೊರಗೆ ಕೂರ್ಬೇಕು."

"ಪೇಷಂಟ್ ಕಡೆಯವನಲ್ಲ. ಹೊಸದಾಗಿ ಸೇರಿರೋ ಸರ್ಜನ್ ನಾನು."

"ಮ್ಯಾಗ್ನೆಟ್‌ಗೆ ಅದೆಲ್ಲ ಗೊತ್ತಾಗಲ್ಲ. ಇರೋದೆಲ್ಲ ತೆಗೆದಿಡಿ."

ಕೀ, ಮೊಬೈಲು, ಪೆನ್ನು, ವಾಚು ಒಂದೊಂದಾಗಿ ನನ್ನ ಮೇಜಿನ ಮೇಲೆ ಸಾಲಾಗಿ ಕೂತವು. ಕೊನೆಗೆ ಬೆಲ್ಟಿನ ಬಕಲ್ ಮುಟ್ಟಿ, ತೀರಾ ಗಂಭೀರವಾಗಿ, "ಇದೂನಾ?" ಎಂದು ಕೇಳಿದ. ನನ್ನ ಕಿವಿ ಬಿಸಿಯಾಯಿತು.

ನಾನು ಚೈತನ್ಯಾ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಟೆಕ್ನಿಷಿಯನ್. ಅಪ್ಪ ನರಸಿಂಹಮೂರ್ತಿ ಸಂಸ್ಕೃತದ ಮೇಷ್ಟ್ರಾಗಿದ್ದವರು. ನಮ್ಮ ಮನೆಯಲ್ಲಿ ಸುಳ್ಳು ಹೇಳಿದರೆ ಪೆಟ್ಟಿಗಿಂತ ಮುಂಚೆ ಶ್ಲೋಕ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಚಿತ್ರ ತೆಗೆಯುವುದಷ್ಟೇ ನನ್ನ ಕೆಲಸ. ಅದನ್ನು ನೋಡಿ ವರದಿ ಬರೆಯುವ ಡಾಕ್ಟರು ದೂರದ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ.

ಅಂದಿನಿಂದ ಪ್ರತಿ ಆಪರೇಷನ್‌ಗೆ ಮುಂಚೆ ಚಂದ್ರಹಾಸ ನನ್ನ ಕೋಣೆಗೆ ಬರತೊಡಗಿದ. ವರದಿ ಅವನ ಫೋನಿಗೇ ಹೋಗುತ್ತಿತ್ತು. ಆದರೂ ಬರುತ್ತಿದ್ದ.

"ಹೊಟ್ಟೆ ಕೊಯ್ಯಲ್ಲ ನಾನು. ನಾಲ್ಕು ಸಣ್ಣ ತೂತು ಮಾಡಿ ಕ್ಯಾಮೆರಾ ಬಿಡ್ತೀನಿ. ನಂಗೆ ಕಾಣೋದು ಟಿವಿಯಲ್ಲಿ ಕಂಡಷ್ಟೇ. ಪಿತ್ತನಾಳದ ಒಳಗೆ ಏನಿದೆ ಅಂತ ನೀವು ಮುಂಚೆ ತೋರಿಸ್ಬೇಕು."

"ಅಂದ್ರೆ ನಾನು ದಾರಿ ತೋರಿಸ್ಬೇಕು, ನೀವು ಟಿವಿ ನೋಡ್ಬೇಕು."

"ಹೌದು. ಒಳ್ಳೆ ಜೋಡಿ."

ಹಾಗಂದು ಪರದೆ ನೋಡುತ್ತಿದ್ದ. ಚಿತ್ರ ಬರುವ ಮುನ್ನ ಆ ಕಪ್ಪು ಪರದೆಯಲ್ಲಿ ನಮ್ಮಿಬ್ಬರ ಮುಖವೂ ಕಾಣುತ್ತಿತ್ತು. ಅಲ್ಲಿ ಕಣ್ಣು ಕಣ್ಣು ಸೇರಿದರೆ ಇಬ್ಬರೂ ಏನೂ ಆಗದವರಂತೆ ಕೆಮ್ಮುತ್ತಿದ್ದೆವು. ನಾನು ಬೇಕೆಂದೇ ಚಿತ್ರ ತೆರೆಯಲು ತಡಮಾಡುತ್ತಿದ್ದೆ.

ಮಾಸ್ತಮ್ಮ ಬಂದದ್ದು ಆ ದಿನಗಳಲ್ಲೇ.

ಅವರು ಭದ್ರಾವತಿಯವರು. ಚಂದ್ರಹಾಸ ಹುಟ್ಟಿ ಬೆಳೆದ ಕಾರ್ಖಾನೆ ಕ್ವಾರ್ಟರ್ಸಿನ ಬೀದಿಯಲ್ಲಿ ಪಕ್ಕದ ಮನೆ. ಅವನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ದಿನಗಳಲ್ಲಿ ಸ್ಕೂಲಿನಿಂದ ಬಂದವನಿಗೆ ಅನ್ನ ಹಾಕುತ್ತಿದ್ದವರು. ಪಿತ್ತಕೋಶದಲ್ಲಿ ಕಲ್ಲಾಗಿ, "ಕೊಯ್ಸಿದ್ರೆ ನಮ್ಮ ಚಂದ್ರನ ಕೈಲೇ" ಎಂದು ಹಟ ಹಿಡಿದು ಬಂದಿದ್ದರು. ರಕ್ತಪರೀಕ್ಷೆ ನೋಡಿ ಚಂದ್ರಹಾಸನಿಗೆ ಸಣ್ಣ ಅನುಮಾನ. ಕಲ್ಲೊಂದು ಕೆಳಗಿಳಿದು ಪಿತ್ತನಾಳದಲ್ಲಿ ಕೂತಿದ್ದರೆ, ಅದನ್ನು ಮೊದಲು ಬಾಯಿಯ ಮೂಲಕ ನಳಿಗೆ ಇಳಿಸಿ ತೆಗೆಸಬೇಕು. ಅದಕ್ಕೇ ಎಂಆರ್‌ಐಗೆ ಕಳಿಸಿದ್ದ.

"ಉಸಿರು ಹಿಡ್ಕೊಳ್ಳಿ ಅಮ್ಮಾ... ಹಾಂ, ಬಿಡಿ." ಮೈಕಿನಲ್ಲಿ ಹೇಳುತ್ತಾ ಚಿತ್ರಗಳ ಒಂದೊಂದೇ ಸರಣಿ ಮುಗಿಸಿದೆ. ಉಳಿದದ್ದು ಕೊನೆಯದು, ನಾಳದ ಕೆಳತುದಿಯದು. ಅದು ಓಡುತ್ತಿರುವಾಗ ಪಕ್ಕದಲ್ಲಿ ನಿಂತಿದ್ದವನು ಮೆಲ್ಲಗೆ ಕೇಳಿದ:

"ಭಾನುವಾರ ಗಾಜನೂರಿಗೆ ಬರ್ತೀರಾ? ಡ್ಯಾಂ ನೋಡೋಕೆ."

"ಶಿವಮೊಗ್ಗದಲ್ಲೇ ಹುಟ್ಟಿದೋಳಿಗೆ ಗಾಜನೂರು ಡ್ಯಾಂ ತೋರಿಸ್ತೀರಾ?"

"ಡ್ಯಾಂ ನೆಪ."

ತಿರುಗಿ ಅವನ ಮುಖ ನೋಡಿದೆ. ಪರದೆಯಲ್ಲಲ್ಲ, ನೇರವಾಗಿ. ರೆಪ್ಪೆ ಇಷ್ಟು ಉದ್ದ ಇದೆಯಲ್ಲ ಎಂದು ಆಗ ಗೊತ್ತಾಯಿತು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಮಾಸ್ತಮ್ಮ ಕೆಮ್ಮಿ ಅಲುಗಾಡಿದ್ದರು. ಕೊನೆಯ ಸರಣಿ ಪೂರ್ತಿ ಕಲಸಿಹೋಗಿತ್ತು.

ಮತ್ತೆ ತೆಗೆಯಬೇಕು. ಇದು ನಮ್ಮ ಕೆಲಸದ ಮೊದಲ ಪಾಠ. ಒಳಗಿಂದ ಮಾಸ್ತಮ್ಮ, "ಸಾಕು ಕಣವ್ವ, ಎದೆ ಹೊಡ್ಕೊಳ್ತದೆ" ಎಂದರು. ಅದನ್ನೇ ನೆಪ ಮಾಡಿಕೊಂಡೆ. ನಿಜ ಬೇರೆ. ಅವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದ, ಆ ನಿಮಿಷವನ್ನು ಮುರಿಯಲು ನನಗೆ ಮನಸ್ಸಿರಲಿಲ್ಲ.

ಕೆಟ್ಟ ಚಿತ್ರ ಹುಬ್ಬಳ್ಳಿಗೆ ಹೋದರೆ "ಯಾರ್ರೀ ಇದನ್ನ ತೆಗೆದಿದ್ದು" ಎಂದು ಫೋನು ಬರುತ್ತದೆ. ಹಾಗಾಗಿ ಕೆಟ್ಟದ್ದನ್ನು ಅಳಿಸಿ, ಮತ್ತೆ ತೆಗೆದು, ಒಳ್ಳೆಯದನ್ನಷ್ಟೇ ಕಳಿಸುವುದು ನಮ್ಮ ಕೋಣೆಯ ರೂಢಿ. ನಾನು ಅವತ್ತು ಅರ್ಧ ರೂಢಿ ಪಾಲಿಸಿದೆ. ಅಳಿಸಿದೆ.

ಅಳಿಸುವ ಮುನ್ನ ಆ ಮಸುಕಿನೊಳಗೆ ಎಳ್ಳಿನಷ್ಟು ಕಪ್ಪು ಕಂಡಿತ್ತು. ಅಲುಗಾಟದ ನೆರಳಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು.

"ಬರ್ತೀನಿ," ಎಂದೆ ಅವನಿಗೆ.

ಸಂಜೆ ವರದಿ ಬಂತು: ಪಿತ್ತನಾಳದ ಕಂಡಷ್ಟು ಭಾಗದಲ್ಲಿ ಕಲ್ಲಿಲ್ಲ. ಚಂದ್ರಹಾಸ ಓದಿದ್ದು "ಕಲ್ಲಿಲ್ಲ" ಅನ್ನುವುದನ್ನು. "ಕಂಡಷ್ಟು ಭಾಗದಲ್ಲಿ" ಎಂಬುದರ ಅರ್ಥ ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನವೇ ಮಾಸ್ತಮ್ಮ ನಡೆದುಕೊಂಡು ಮನೆಗೆ ಹೋದರು. ಬೀದಿಯಲ್ಲಿ ಅವರು ಕಂಡಕಂಡವರಿಗೆ ಹೊಟ್ಟೆಯ ಮೇಲಿನ ನಾಲ್ಕು ಗುರುತು ತೋರಿಸಿ, "ಇಷ್ಟೇ ಕಣ್ರೇ!" ಎನ್ನುತ್ತಿದ್ದರಂತೆ. ಭಾನುವಾರ ಗಾಜನೂರಿನಲ್ಲಿ ಚಂದ್ರಹಾಸ ಅದನ್ನು ಹೇಳಿ ನಕ್ಕಿದ್ದೇ ನಕ್ಕಿದ್ದು. ಮಂಡಕ್ಕಿ ಪೊಟ್ಟಣ ಇಬ್ಬರ ನಡುವೆ ಖಾಲಿಯಾದ ಮೇಲೆ ಅವನ ಕೈ ಅಲ್ಲೇ ಉಳಿಯಿತು, ನನ್ನದೂ. ಏನೋ ಹೇಳಲು ಹೊರಟವನು ನೀರಿನ ಕಡೆ ನೋಡಿದ. ನಾನೂ ಒತ್ತಾಯಿಸಲಿಲ್ಲ, ಅವಸರವೇನು ಎಂದುಕೊಂಡೆ.

ಹನ್ನೆರಡನೇ ದಿನ ಮಾಸ್ತಮ್ಮನ ಕಣ್ಣು ಅರಿಸಿನವಾಗಿತ್ತು.

ನೋವಿನಿಂದ ಮುದುಡಿದ ತಾಯಿಯನ್ನು ಸ್ಟ್ರೆಚರ್ ಮೇಲೆ ಬಿಟ್ಟು ಮಗ ಮಲ್ಲೇಶ್ ವರಾಂಡದಲ್ಲೇ ಕೂಗಾಡಿದ. "ನಮ್ಮ ಬೀದಿ ಹುಡ್ಗ ಅಂತ ನಂಬಿದ್ವಲ್ಲೋ ಚಂದ್ರ! ಕಲ್ಲು ಒಳಗೇ ಬಿಟ್ಟು ಹೊಲಿದು ಕಳಿಸಿದೀಯಲ್ಲೋ!"

"ತಪ್ಪಾಗಿದೆ ಮಲ್ಲೇಶಣ್ಣ. ನಾನೇ ಮುಂದೆ ನಿಂತು ಸರಿ ಮಾಡಿಸ್ತೀನಿ." ಅವನು ತಲೆ ಎತ್ತಲಿಲ್ಲ.

ಮತ್ತೆ ಸ್ಕ್ಯಾನ್. ಈ ಸಲ ಆ ಕೊನೆಯ ಸರಣಿಯನ್ನು ಮೂರು ಸಲ ತೆಗೆದೆ. ಬೆಳ್ಳನೆಯ ನಾಳದ ಕೆಳತುದಿಯಲ್ಲಿ ಕಪ್ಪು ಚುಕ್ಕೆ. ಅದೇ ಜಾಗ, ಅದೇ ಎಳ್ಳು.

"ಅವತ್ತು ಇರ್ಲಿಲ್ಲ," ಎಂದ ಚಂದ್ರಹಾಸ, ನನ್ನ ಬೆನ್ನ ಹಿಂದಿನಿಂದ. "ಸ್ಕ್ಯಾನ್ ಕ್ಲೀನ್ ಇತ್ತು. ಅಂದ್ರೆ ಪಿತ್ತಕೋಶ ಎಳೀವಾಗ ನನ್ನ ಕೈಯಿಂದ್ಲೇ ಜಾರಿದೆ."

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು ಎಂದರೂ ಸುಳ್ಳೇ, ಬಂದಿರಲಿಲ್ಲ. ಬಂದದ್ದು ಹೆದರಿಕೆ. ಕೆಲಸ ಹೋಗುತ್ತದೆ, ಇವನೂ ಹೋಗುತ್ತಾನೆ. "ಯಾರಿಗಾದ್ರೂ ಆಗುತ್ತೆ ಬಿಡಿ," ಎಂದೆ.

ಬೇರೆ ಡಾಕ್ಟರು ಬಾಯಿಯ ಮೂಲಕ ನಳಿಗೆ ಇಳಿಸಿ ಅರ್ಧ ಗಂಟೆಯಲ್ಲಿ ಕಲ್ಲು ತೆಗೆದರು. ಮಾಸ್ತಮ್ಮ ಮೂರೇ ದಿನಕ್ಕೆ ಚೇತರಿಸಿಕೊಂಡರು. ಚೇತರಿಸಿಕೊಳ್ಳದೆ ಉಳಿದವನು ಚಂದ್ರಹಾಸ. ಪ್ರತಿ ಶನಿವಾರ ಭದ್ರಾವತಿಯಲ್ಲಿ ರೋಗಿಗಳನ್ನು ನೋಡಲು ಅವನು ಕೋಣೆಯೊಂದನ್ನು ಹಿಡಿದಿದ್ದ. ಅಲ್ಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅವನ ಅಪ್ಪ ಮಂಜಪ್ಪ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಇತ್ತ ಸೂಪರಿಂಟೆಂಡೆಂಟ್ ಸತ್ಯಭಾಮಾ ಮೇಡಂ ವಿಚಾರಣೆಗೆ ಕರೆದು, "ಸ್ಕ್ಯಾನ್ ಸರಿಯಾಗಿ..." ಎನ್ನುವಷ್ಟರಲ್ಲೇ ನಾನು "ಸರಿಯಾಗೇ ಇತ್ತು ಮೇಡಂ" ಎಂದಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಯಾರೂ ಗಮನಿಸಲಿಲ್ಲ. ಅಳಿಸಿದ ಚಿತ್ರಕ್ಕೆ ಸಾಕ್ಷಿ ನಾನೊಬ್ಬಳೇ.

ಚಂದ್ರಹಾಸ ಆಪರೇಷನ್ ಮಾಡುವುದನ್ನೇ ನಿಲ್ಲಿಸಿದ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಅದು ಬೇರೆಯವರದ್ದೇನೋ ಎಂಬಂತೆ ನೋಡಿದ. ನಾನು ಆ ಕೈ ಹಿಡಿದು, "ಇದಕ್ಕೇನೂ ಆಗಿಲ್ಲ ಮಾರಾಯ್ರೇ" ಎಂದೆ. ಅವನು ಕಣ್ಣು ಮುಚ್ಚಿ ನನ್ನ ಅಂಗೈಗೆ ಹಣೆ ಆನಿಸಿದ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ. ಅವತ್ತು ಮನೆಗೆ ಹೋಗಿ ಸೋಪು ಹಾಕಿ ಹಾಕಿ ಕೈ ತೊಳೆದೆ.

ಮರುವಾರ ಅವನು ಒಂದು ಲಕೋಟೆ ಹಿಡಿದು ನನ್ನ ಕೋಣೆಗೆ ಬಂದ.

"ರಾಜೀನಾಮೆ. ಸರ್ಜರಿನೇ ಬೇಡ ಅನ್ನಿಸ್ತಿದೆ. ಎಲ್ಲಾದ್ರೂ ಪಾಠ ಮಾಡ್ಕೊಂಡಿರ್ತೀನಿ. ಮೊದ್ಲು ನಿಂಗೆ ಹೇಳೋಣ ಅಂತ ಬಂದೆ."

ನಿಂಗೆ. ಮೊದಲ ಸಲ ಏಕವಚನ. ಎಷ್ಟು ದಿನದಿಂದ ಕಾದಿದ್ದೆ ಅದಕ್ಕೆ!

"ಆ ಕಲ್ಲು ನಿಮ್ಮ ಕೈಯಿಂದ ಜಾರಿಲ್ಲ," ಎಂದೆ. "ಅವತ್ತೇ ಇತ್ತು. ಕೊನೆ ಸರಣಿ ಕೆಟ್ಟಿತ್ತು, ನಾನು ಮತ್ತೆ ತೆಗೀಲಿಲ್ಲ. ಅಳಿಸ್ಬಿಟ್ಟೆ. ಅದ್ರಲ್ಲಿ ಚುಕ್ಕೆ ಕಂಡಿತ್ತು."

ಅವನು ಲಕೋಟೆಯನ್ನು ಮೇಜಿನ ಮೇಲಿಟ್ಟ.

"ಯಾವಾಗ ಕೆಟ್ಟಿದ್ದು?"

"ನೀವು ಗಾಜನೂರು ಅಂದಾಗ."

"ಮೂರು ವಾರ," ಎಂದ. ದನಿ ಏರಲಿಲ್ಲ, ಏರಿದ್ದರೆ ತಡೆದುಕೊಳ್ಳುತ್ತಿದ್ದೆ. "ಮೂರು ವಾರ ಈ ಕೈನ ಕಂಡ್ರೆ ಆಗ್ತಿರ್ಲಿಲ್ಲ ನಂಗೆ. ನೀವು ಇದನ್ನೇ ಹಿಡ್ಕೊಂಡು ಸಮಾಧಾನ ಹೇಳಿದ್ರಲ್ಲ ಚೈತನ್ಯಾ."

ನೀವು. ಬಂದಷ್ಟೇ ಬೇಗ ಹೋಯಿತು ಆ ಏಕವಚನ. ಲಕೋಟೆ ಮೇಜಿನ ಮೇಲೇ ಬಿಟ್ಟು ಹೊರಟುಹೋದ.

ನಾನು ನಡೆದದ್ದನ್ನೆಲ್ಲ ಬರೆದು ಸತ್ಯಭಾಮಾ ಮೇಡಂಗೆ ಕೊಟ್ಟೆ. ಅವರು ಎರಡು ಸಲ ಓದಿದರು. "ನೀನಾ?" ಎಂದಷ್ಟೇ ಕೇಳಿ, ಅಂದೇ ನನ್ನನ್ನು ಸ್ಕ್ಯಾನಿಂಗ್‌ನಿಂದ ತೆಗೆದರು. ಮುಂದಿನದು ವಿಚಾರಣೆ ಮುಗಿದ ಮೇಲೆ. ಆಶ್ಚರ್ಯವೆಂದರೆ ನನಗೆ ಅಳು ಬರಲಿಲ್ಲ. ಭದ್ರಾವತಿಯ ಬಸ್ಸು ಹತ್ತಿದೆ.

ಮಾಸ್ತಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಬೀದಿ ನಲ್ಲಿಗೆ ನೀರು ಬರುವ ಹೊತ್ತು; ಕೊಡಗಳ ಸಾಲು ಅವರ ಮನೆ ಬಾಗಿಲವರೆಗೂ ಇತ್ತು. ನಾನು ಪಕ್ಕದಲ್ಲಿ ಕೂತು, ಮೆಲ್ಲಗೆ, ಒಂದನ್ನೂ ಬಿಡದೆ ಹೇಳಿದೆ. ಕ್ಷಮಿಸಿ ಎಂದೆ.

ಅವರ ಕೈ ನಿಂತಿತು. "ನಾನಲ್ಲಿ ಆ ಡಬ್ಬದೊಳಗೆ ಜೀವ ಬಿಗಿ ಹಿಡ್ಕೊಂಡು ಮಲಗಿದ್ದೆ. ನೀನು ಹೊರಗೆ ಅವನ ಮುಖ ನೋಡ್ತಾ ಕೂತಿದ್ದೆ."

"ಹೌದು ಅಮ್ಮಾ."

"ಎಷ್ಟು ನೋವು ಅದು, ಗೊತ್ತಾ ನಿಂಗೆ? ನಾಲ್ಕು ಹೆತ್ತೋಳು ನಾನು. ಅದಕ್ಕಿಂತ ಜಾಸ್ತಿ."

ನನ್ನ ಕಣ್ಣೀರು ನೋಡಿಯೂ ಅವರು ಕರಗಲಿಲ್ಲ.

"ನನ್ನ ಹತ್ರ ಪಿಸುಪಿಸು ಅಂತ ಕ್ಷಮೆ ಕೇಳ್ಬೇಡ. ನೋವು ನಂದು, ಅನುಭವಿಸಿ ಆಯ್ತು. ಹೋಗಿರೋದು ಚಂದ್ರನ ಹೆಸ್ರು. ನನ್ನ ಮಗನೇ ಇಡೀ ಬೀದಿಗೆ ಕೂಗಿ ಹೇಳ್ದ. ಏಳು, ನೀನೂ ಕೂಗಿ ಹೇಳು."

ಎದ್ದು ನಿಂತೆ. ಕನ್ನಡ, ತಮಿಳು, ತೆಲುಗು ಎಲ್ಲ ಕಲೆತ ಆ ನಲ್ಲಿ ಸಾಲಿನ ಮುಂದೆ, ನನ್ನ ಹೆಸರು, ನನ್ನ ಕೆಲಸ, ನಾನು ಮಾಡಿದ್ದು, ಎಲ್ಲ ಹೇಳಿದೆ. "ಡಾಕ್ಟರ್ ಕೈಯಲ್ಲಿ ತಪ್ಪಾಗಿಲ್ಲ. ನಾನು ಚಿತ್ರ ಅಳಿಸಿದೆ. ಅವ್ರಿಗೆ ಕಲ್ಲು ಇರೋದು ಗೊತ್ತೇ ಇರ್ಲಿಲ್ಲ." ಕೊಡ ತುಂಬಿ ಹರಿದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಒಬ್ಬಾಕೆ "ಥೂ" ಎಂದಳು. ಸರಿಯಾಗಿಯೇ ಹೇಳಿದಳು.

"ಅದರಲ್ಲಿ ಒಂದು ಮಾತು ಬಿಟ್ಟಿದಾಳೆ."

ಚಂದ್ರಹಾಸ. ಅಪ್ಪನ ಮನೆಗೆ ಬಂದಿದ್ದವನು ಗದ್ದಲ ಕೇಳಿ ಹೊರಗೆ ಬಂದಿದ್ದ. ನನ್ನ ಪಕ್ಕ ಬಂದು ನಿಂತ, ಆದರೆ ನನ್ನ ಕಡೆ ನೋಡಲಿಲ್ಲ.

"ಸ್ಕ್ಯಾನ್ ನಡೀವಾಗ ಅವಳನ್ನ ಮಾತಾಡಿಸಿದ್ದು ನಾನು. ಮಾತಾಡಿಸಬಾರ್ದು ಅಂತ ಗೊತ್ತಿತ್ತು. ಯಾವತ್ತೂ ಚಿತ್ರ ನಾನೇ ನೋಡೋನು, ಅವತ್ತು ನೋಡ್ಲಿಲ್ಲ, ರಿಪೋರ್ಟನ್ನೂ ಪೂರ್ತಿ ಓದದೆ ಬಿಟ್ಟೆ. ಅದೂ ಸೇರಿಸ್ಕೊಳ್ಳಿ."

ಸಾಲಿನಲ್ಲಿದ್ದ ಮುದುಕಿ ಕರಿಯಮ್ಮನಿಗೆ ತಡೆಯಲಾಗಲಿಲ್ಲ. "ಅಂಥದ್ದೇನಪ್ಪ ಮಾತಾಡ್ತಿದ್ದೆ, ಅಷ್ಟು ಅವಸರದ್ದು?"

ಚಂದ್ರಹಾಸನ ಕಿವಿ ಕೆಂಪಾಯಿತು. ಬೀದಿಗೆ ಬೀದಿಯೇ ಕಾಯುತ್ತಿತ್ತು.

"ಭಾನುವಾರ ಗಾಜನೂರಿಗೆ ಬಾ ಅಂತಿದ್ದೆ. ಅಲ್ಲಿ ಕೂತು, ನೀನಂದ್ರೆ ಇಷ್ಟ, ಮದುವೆ ಆಗೋಣ ಅಂತ ಹೇಳ್ಬೇಕಿತ್ತು. ಹೇಳೋಕೆ ಧೈರ್ಯ ಆಗ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಮಾಸ್ತಮ್ಮ ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟರು.

"ಈಗ್ಲೂ ಇಷ್ಟನೇನೋ ಚಂದ್ರ?"

ಅವನು ಆಗ ನನ್ನನ್ನು ನೋಡಿದ. ಕ್ಷಮೆ ಇರಲಿಲ್ಲ ಆ ನೋಟದಲ್ಲಿ. ನಾನು ಹುಡುಕಲೂ ಇಲ್ಲ.

"ಈಗ್ಲೂ," ಎಂದ. "ಆದ್ರೆ ಕೋಪ ಇದೆ ಅಮ್ಮಾ. ತುಂಬಾ ಇದೆ."

"ಇರ್ಲಿ," ಎಂದರು ಮಾಸ್ತಮ್ಮ. "ನಂಗೂ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೋ. ಅವರೆಕಾಯಿ ಬಿಡಿಸು. ಆರು ಗಂಟೆ ಬಸ್ಸಿಗೆ ಅವನೇ ಬಿಟ್ಟು ಬರ್ತಾನೆ," ಎಂದರು.

ಕೂತೆ. ಅವನು ಎದುರಿಗೆ ಕೂತು ತಾನೂ ಒಂದು ಹಿಡಿ ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ, ತಲೆ ಎತ್ತದೆಯೇ, "ಹುಳ ಇದ್ಯಾ ಅಂತ ಸರಿಯಾಗಿ ನೋಡಿ ಹಾಕು," ಎಂದ.

ಹಾಕು. ನಾನು ಅಳಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.