ಪಾತ್ರೆಯ ತಳದ ಹೆಸರು

“ನಾಳೆ ನಾನೂ ಬರ್ಲಾ?”

ಹಾಲಿಸ್ ಕೇಳಿದ್ದು ಇಷ್ಟೇ. ಅಂಗಡಿಯಿಂದ ಹಾಲು ತರಲಾ ಎಂದು ಕೇಳಿದ ಹಾಗೆ ಕೇಳಿದ್ದ. ಆದರೂ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದ ರೋಷೆಲ್‌ಳ ಕೈ ತಟ್ಟನೆ ನಿಂತಿತು.

ಅವನು ಅಡುಗೆಮನೆಯ ಹಿಂಬಾಗಿಲಿಗೆ ಒರಗಿ ನಿಂತಿದ್ದ. ಕಂಕುಳಲ್ಲಿ ಒಂದು ನೀಲಿ ಓವನ್ ಪಾತ್ರೆ. ಅವಳ ಪಾತ್ರೆ ಹೋದ ತಿಂಗಳು ಯಾರದೋ ಸಾವಿನ ಊಟಕ್ಕೆಂದು ಚರ್ಚಿಗೆ ಹೋದದ್ದು ಇನ್ನೂ ವಾಪಸು ಬಂದಿರಲಿಲ್ಲ. ಮಧ್ಯಾಹ್ನ ಫೋನಿನಲ್ಲಿ ಅದನ್ನೇ ಹೇಳಿ ಗೊಣಗಿದ್ದಳು. ಐದು ಗಂಟೆಗೆಲ್ಲ ಅವನು ತನ್ನ ತಾಯಿ ಬಿಟ್ಟುಹೋದ ಪಾತ್ರೆ ಹಿಡಿದು ಹಾಜರಾಗಿದ್ದ.

“ಎಲ್ಲಿಗೆ?” ಎಂದಳು, ಗೊತ್ತಿದ್ದೂ.

“ಚಂದ್ರಲೋಕಕ್ಕೆ. ನಿಮ್ಮತ್ತೆ ಮನೆಗೆ ಕಣೇ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ. ನಾನೇನ್ ಜಾಸ್ತಿ ತಿನ್ನಲ್ಲ.”

“ಹೌದೌದು. ಹೋದ ಭಾನುವಾರ ಇಡೀ ಪೈ ಮುಗಿಸಿದ್ದು ಪಕ್ಕದ್ಮನೆ ಬೆಕ್ಕು.”

“ಅದು ಸಣ್ಣ ಪೈ.”

ಅವಳು ನಕ್ಕಳು. ಅವನೂ ನಕ್ಕ, ಆದರೆ ಕಣ್ಣು ಮಾತ್ರ ಉತ್ತರಕ್ಕೆ ಕಾಯುತ್ತಲೇ ಇತ್ತು. ಆ ಬೂದುಗಣ್ಣುಗಳನ್ನು ಹೆಚ್ಚು ಹೊತ್ತು ನೋಡಿದರೆ ತಾನು ಹೂಂ ಎಂದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಗೆಣಸನ್ನು ನೋಡಿದಳು.

“ಒಂಬತ್ತು ತಿಂಗಳಾಯ್ತು ರೋ,” ಎಂದ ಹಾಲಿಸ್. “ಅಷ್ಟರಲ್ಲಿ ಜನರಿಗೆ ಮಗುವೇ ಹುಟ್ಟುತ್ತೆ. ನನ್ನ ವ್ಯಾನು ಇನ್ನೂ ನಿನ್ನ ಗ್ಯಾರೇಜಿನ ಹಿಂದೇನೇ ಇದೆ.”

ಫೆಬ್ರವರಿಯಲ್ಲಿ ಅವಳ ಮನೆಯ ಫರ್ನೇಸ್ ಕೆಟ್ಟು, ನಲ್ಲಿಯ ನೀರೂ ಗಡ್ಡೆ ಕಟ್ಟಿದ ಬೆಳಿಗ್ಗೆ, ಅದನ್ನು ರಿಪೇರಿ ಮಾಡಲು ಬಂದವನು ಅವನು. ಮನೆ ಬೆಚ್ಚಗಾಗುವವರೆಗೆ ಕೂತಿದ್ದು ಹೋಗಿದ್ದ. ಆಮೇಲೆ ಮನೆ ಬೆಚ್ಚಗಿದ್ದಾಗಲೂ ಬರತೊಡಗಿದ. ಎರಡೂ ಬದಿಯಲ್ಲಿ ‘ಪ್ರೌಟ್ ಹೀಟಿಂಗ್’ ಎಂದು ಮೊಳದುದ್ದದ ಅಕ್ಷರ ಬರೆಸಿಕೊಂಡಿದ್ದ ವ್ಯಾನು ಮನೆ ಮುಂದೆ ನಿಂತರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಮಿನೆಸೋಟಾದ ಆ ಊರಿನಲ್ಲಿ ಯಾರ ಮನೆಯ ಫರ್ನೇಸೂ ವಾರಕ್ಕೆ ಮೂರು ಸಲ ಕೆಡುವುದಿಲ್ಲ.

“ಅವರಿಗೆ ಹೇಗೆ ಹೇಳ್ಲಿ?”

“ಬಾಯಲ್ಲಿ.”

“ತಮಾಷೆ ಬೇಡ ಹಾಲಿಸ್. ನನಗೆ ಅವರನ್ನ ಬಿಟ್ರೆ ಯಾರಿದಾರೆ?”

ಕೇಳಿದ ಮೇಲೆ ತಾನು ಎಂಥ ಮಾತನ್ನಾಡಿದೆ ಎಂದು ಅವಳಿಗೆ ಹೊಳೆಯಿತು. ಅವನು ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, ಅದರ ಮುಚ್ಚಳವನ್ನು ಸುಮ್ಮನೆ ಸರಿಮಾಡಿದ.

ಅವಳ ಮಾತು ಸುಳ್ಳೂ ಆಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ತಾಯಿ ತೀರಿಕೊಂಡಿದ್ದರು. ತಂದೆ ಅರಿಜೋನಾದಲ್ಲಿ ಬೇರೆ ಸಂಸಾರ ಹೂಡಿದ್ದರು. ಗಂಡ ಕರ್ಟ್ ಏಳು ವರ್ಷದ ಹಿಂದೆ ಹಿಮದ ರಸ್ತೆಯಲ್ಲಿ ಟ್ರಕ್ಕಿಗೆ ಸಿಕ್ಕು ಹೋದ. ಅವನು ಹೋದ ಮೇಲೂ ಅವನ ಮನೆ ಅವಳಿಗೆ ಉಳಿದಿತ್ತು. ಅತ್ತೆ ವರ್ನಾಳನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು. ಹಾಗೆ ಕರೆಯಲು ಭೂಮಿಯ ಮೇಲೆ ಅವಳಿಗೆ ಇನ್ನೊಬ್ಬರಿರಲಿಲ್ಲ. ಕರ್ಟ್‌ನ ಹೆಂಡತಿಯಾಗಿ ಆ ಊಟದ ಮೇಜಿಗೆ ಬಂದವಳು, ಬೇರೊಬ್ಬನ ಕೈಹಿಡಿದ ಮೇಲೆ ಅಲ್ಲಿ ಯಾರಾಗಿ ಕೂರಬೇಕು?

“ನಾನು ಜಗಳ ಆಡ್ತಿಲ್ಲ,” ಎಂದ ಹಾಲಿಸ್ ಕೊನೆಗೆ. “ಆದ್ರೆ ಇನ್ಮೇಲೆ ವ್ಯಾನ್ ಹಿಂದೆ ನಿಲ್ಲಿಸಲ್ಲ. ಮುಂದೆ ನಿಲ್ಲಿಸ್ಬಹುದು ಅನ್ನಿಸ್ದಾಗ ಹೇಳು, ಬರ್ತೀನಿ. ಅಲ್ಲೀವರೆಗೂ ಬರಲ್ಲ. ನಲವತ್ತಾರು ವರ್ಷ ನನಗೆ. ಕಳ್ಳನ ಹಾಗೆ ಹಿತ್ತಲಿಂದ ಬರೋಕೆ ನಾಚಿಕೆ ಆಗುತ್ತೆ.”

“ನಾಳೆ ಏನ್ಮಾಡ್ತೀಯ? ಮಗಳು ಬರ್ತಾಳಾ?”

“ಈ ವರ್ಷ ಅವಳಮ್ಮನ ಸರದಿ. ಹಬ್ಬದ ದಿನ ಯಾರದಾದ್ರೂ ಫರ್ನೇಸ್ ಕೆಟ್ಟೇ ಕೆಡುತ್ತೆ ಬಿಡು. ಪೆಟ್ರೋಲ್ ಬಂಕಲ್ಲಿ ಟರ್ಕಿ ಸ್ಯಾಂಡ್‌ವಿಚ್ ಸಿಗುತ್ತೆ. ಗೆಣಸಿಗೆ ಉಪ್ಪು ಒಂಚೂರು ಮುಂದಾಗಿ ಹಾಕು. ನೀನು ಉಪ್ಪಿಗೂ ಹೆದರ್ತೀಯ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಜೋರಾಗಿ ಬಡಿದು ಹೋಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಸಿಟ್ಟು ಮಾಡಿಕೊಳ್ಳಲಾದರೂ ಒಂದು ಕಾರಣ ಸಿಗುತ್ತಿತ್ತು.

* * *

ಮರುದಿನ ಮಧ್ಯಾಹ್ನ ವರ್ನಾಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಬಳಿ ಬೂಟುಗಳ ರಾಶಿ, ಮಂಚದ ಮೇಲೆ ಕೋಟುಗಳ ರಾಶಿ. ನಾದಿನಿ ಟ್ರಿಶ್‌ಳ ಮಕ್ಕಳು ಮೇಜಿನ ಕೆಳಗೆ ಗುಹೆ ಮಾಡಿಕೊಂಡಿದ್ದರು.

ರೋಷೆಲ್ ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಯಾರು ಮಾಡಿಕೊಂಡು ಬಂದಿದ್ದಳು. ಪಾತ್ರೆ ಹೊಸದಾ ಎಂದು ಯಾರಾದರೂ ಕೇಳಿದರೆ, ಸೇಲ್‌ನಲ್ಲಿ ಕೊಂಡೆ ಎನ್ನುವುದು. ಮನೆಯಲ್ಲಿ ಮೂರು ಸಲ ಉಪ್ಪು ನೋಡಿದ್ದಳು, ಎರಡು ಸಲ ಅಂಚು ಒರೆಸಿದ್ದಳು. ಪಾತ್ರೆ ಯಾರೂ ಗಮನಿಸಲೇ ಇಲ್ಲ. ಅವಳಿಗೆ ಸಮಾಧಾನವಾಯಿತು. ಮರುಕ್ಷಣವೇ, ಯಾಕೋ, ಬೇಜಾರೂ ಆಯಿತು.

ಮಾವ ಆರ್ವಿಡ್ ಚಾಕು ಹಿಡಿದು ಬೇಯಿಸಿದ ಟರ್ಕಿ ಕೋಳಿಯ ಮುಂದೆ ನಿಂತಿದ್ದರು. ಕಿವಿ ಮಂದ. ಟ್ರಿಶ್ ಕೂಗಿ ಹೇಳಿದಳು: “ಅಪ್ಪಾ, ತೆಳ್ಳಗೆ ಕೊಯ್ಯಿ! ಹೋದ್ ವರ್ಷ ಇಟ್ಟಿಗೆ ಥರ ಇತ್ತು!”

“ಏನು?”

“ತೆಳ್ಳಗೆ!”

“ನಾನ್ಯಾವತ್ತೂ ತೆಳ್ಳಗೇ ಇರೋದು,” ಎಂದು ಅವರು ಹೊಟ್ಟೆ ತಟ್ಟಿಕೊಂಡರು. ಎಲ್ಲರೂ ನಕ್ಕರು.

ಊಟಕ್ಕೆ ಮುಂಚೆ ಒಬ್ಬೊಬ್ಬರೂ ಒಂದೊಂದು ಕೃತಜ್ಞತೆಯ ಮಾತು ಹೇಳಬೇಕು. ವರ್ನಾ ಮೊದಲು ಹೇಳುವಳು. ಪ್ರತಿವರ್ಷವೂ ಒಂದೇ ಮಾತು. “ನಮ್ಮ ಕರ್ಟ್‌ನ ಮೂವತ್ತೇಳು ವರ್ಷ ನಮಗೆ ಕೊಟ್ಟಿದ್ದಕ್ಕೆ.” ಆಮೇಲೆ ರೋಷೆಲ್‌ಳ ಸರದಿ, ಏಕೆಂದರೆ ಅವಳ ಜಾಗ ಕರ್ಟ್‌ನ ಖಾಲಿ ಕುರ್ಚಿಯ ಪಕ್ಕ. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ಎಷ್ಟೇ ಇಕ್ಕಟ್ಟಾದರೂ.

ಹದಿಮೂರು ಜೋಡಿ ಕಣ್ಣು ಅವಳ ಕಡೆ ತಿರುಗಿದವು.

ಈ ಕ್ಷಣದಲ್ಲಿ ಅವನು ಎಲ್ಲಿರಬಹುದು? ಬಂಕಿನ ಪಕ್ಕ ವ್ಯಾನ್ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಕಾಗದ ಹಾಸಿಕೊಂಡು ತಿನ್ನುತ್ತಿರಬಹುದು. ಸ್ಯಾಂಡ್‌ವಿಚ್ಚಿನ ಅಂಚನ್ನು ಅವನು ಯಾವಾಗಲೂ ಮೊದಲು ತಿಂದು ಮುಗಿಸುತ್ತಾನೆ, ಮೆತ್ತಗಿರುವುದು ಕೊನೆಗಿರಲಿ ಎಂದು.

“ನನ್ನನ್ನ ಈ ಮನೆಯಲ್ಲಿ ಇಟ್ಕೊಂಡಿದ್ದಕ್ಕೆ,” ಎಂದಳು. ಪ್ರತಿವರ್ಷ ಹೇಳುವುದೇ. ಈ ಸಲ ಆ ಮಾತು ಬೇರೆ ಯಾರದೋ ಬಾಯಿಂದ ಬಂದ ಹಾಗೆ ಕೇಳಿಸಿತು. ಇಷ್ಟೊಂದು ಜನರ ನಡುವೆ, ಇಷ್ಟೊಂದು ಬಿಸಿ ಅನ್ನಾಹಾರದ ನಡುವೆ, ಅವಳ ಎದೆಯೊಳಗೆ ಯಾರೋ ಕಿಟಕಿ ತೆರೆದಿಟ್ಟು ಹೋದ ಹಾಗೆ ಥಂಡಿ ಹೊಡೆಯುತ್ತಿತ್ತು.

“ಗಡಿಯಾರದಲ್ಲಿ ಅಂಥದ್ದೇನಿದೆ ಅತ್ಗೆ? ಆಗ್ಲಿಂದ ಅದನ್ನೇ ನೋಡ್ತಿದೀಯ,” ಎಂದಳು ಟ್ರಿಶ್, ಗೆಣಸು ಬಡಿಸಿಕೊಳ್ಳುತ್ತ. “ಅಬ್ಬಾ, ಈ ಸಲ ಉಪ್ಪು ಸರಿಯಾಗಿದೆ. ಯಾರ್ ಹೇಳ್ಕೊಟ್ರು?”

ರೋಷೆಲ್‌ಳ ಕೆನ್ನೆ ಕಾದವು. ನೀರು ಕುಡಿದಳು.

* * *

ಊಟದ ನಂತರ ಗಂಡಸರು ಟಿವಿಯ ಫುಟ್‌ಬಾಲ್ ಮುಂದೆ ಕೂತು ನಿದ್ದೆಹೋದರು. ವರ್ನಾ ಪಾತ್ರೆ ತೊಳೆಯುತ್ತಿದ್ದಳು, ರೋಷೆಲ್ ಒರೆಸುತ್ತಿದ್ದಳು. ಅಷ್ಟು ವರ್ಷದ ಅಭ್ಯಾಸ. ಇಬ್ಬರಿಗೂ ಮಾತು ಬೇಕಿರಲಿಲ್ಲ.

ನೀಲಿ ಪಾತ್ರೆಯ ಒಳಗನ್ನು ಉಜ್ಜಿ, ವರ್ನಾ ಅದನ್ನು ಮಗುಚಿ ಹಾಕಿದಳು. ಅವಳ ಕೈ ನಿಂತಿತು.

ಊರಿನಲ್ಲಿ ಯಾರೇ ಆಗಲಿ, ಹೊರಗೆ ಊಟಕ್ಕೆ ಒಯ್ಯುವ ಪಾತ್ರೆಯ ತಳಕ್ಕೆ ಕಾಗದದ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ, ಕಳೆದುಹೋಗದೆ ಮನೆಗೆ ಮರಳಲಿ ಎಂದು. ರೋಷೆಲ್‌ಳ ಎಲ್ಲ ಪಾತ್ರೆಗಳಿಗೂ ಇತ್ತು. ಅಂಚು, ಮುಚ್ಚಳ, ಉಪ್ಪು ಎಲ್ಲ ನೋಡಿದವಳು ತಳ ಒಂದನ್ನು ತಿರುಗಿಸಿ ನೋಡಿರಲಿಲ್ಲ. ಹಳದಿಗಟ್ಟಿದ ಟೇಪಿನ ಮೇಲೆ ಗಂಡಸಿನ ದಪ್ಪಕ್ಷರ: ಹಾಲಿಸ್ ಪ್ರೌಟ್.

ವರ್ನಾ ನಲ್ಲಿ ನಿಲ್ಲಿಸಿದಳು.

“ಯಾವಾಗಿಂದ?”

ಸೇಲ್‌ನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ರೋಷೆಲ್ ಅದನ್ನು ನುಂಗಿದಳು. “ಫೆಬ್ರವರಿಯಿಂದ, ಅಮ್ಮ.”

“ಫೆಬ್ರವರಿ.” ವರ್ನಾ ಬೆರಳಲ್ಲಿ ಲೆಕ್ಕ ಹಾಕಿದ ಹಾಗೆ ಕಂಡಿತು. “ಈಸ್ಟರ್‌ಗೆ ಬಂದಿದ್ಯಲ್ಲ. ನನ್ನ ಹುಟ್ಟುಹಬ್ಬಕ್ಕೂ ಬಂದಿದ್ದೆ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಆಮೇಲೆ ಈ ಮನೇಲಿ ನಾನು ಯಾರು?”

ವರ್ನಾ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತಳು. ಒಳಗೆ ಟಿವಿಯಲ್ಲಿ ಜನ ಹೋ ಎಂದು ಕೂಗಿದರು.

“ನಾನೂ ಒಂದು ಹೇಳ್ತೀನಿ,” ಎಂದಳು ಕೊನೆಗೆ. “ನೀನು ಆ ಕುರ್ಚಿ ಪಕ್ಕ ಕೂತಿದ್ರೆ ನನಗೆ ಅವನು ಎಲ್ಲೋ ಹೊರಗೆ ಹೋಗಿದಾನೆ, ಈಗ ಬರ್ತಾನೆ ಅನ್ಸುತ್ತೆ. ಬೂಟು ಕೊಡವ್ತಾ ಬಂದು ಕೂತ್ಕೋತಾನೆ ಅನ್ಸುತ್ತೆ. ಅದಕ್ಕೇ ಪ್ರತಿ ವರ್ಷ ನಿನ್ನನ್ನ ಅಲ್ಲೇ ಕೂರಿಸ್ತಿದ್ದೆ. ನಿನಗೆ ಅಲ್ಲಿ ಹೇಗಿರುತ್ತೆ ಅಂತ ಒಂದಿನಾನೂ ಕೇಳ್ಲಿಲ್ಲ.”

“ಅಮ್ಮ...”

“ಮುಟ್ಬೇಡ, ಅತ್ತುಬಿಡ್ತೀನಿ. ಟ್ರಿಶ್ ಬಂದ್ರೆ ಊರಿಗೆಲ್ಲ ಫೋನ್ ಮಾಡ್ತಾಳೆ.” ವರ್ನಾ ಮೂಗೊರೆಸಿಕೊಂಡಳು. “ಅವನನ್ನ ಈವತ್ತು ಕರ್ಕೊಂಡ್ ಬಾ ಅನ್ನೋಕೆ ನನ್ನಿಂದ ಆಗಲ್ಲ. ಕ್ರಿಸ್‌ಮಸ್‌ಗೂ ಆಗುತ್ತೋ ಇಲ್ವೋ, ಸುಳ್ಳು ಯಾಕ್ ಹೇಳ್ಲಿ. ಒಳ್ಳೆ ಮನುಷ್ಯ, ಗೊತ್ತು. ಅದೇ ಕಷ್ಟ. ಕೆಟ್ಟೋನಾಗಿದ್ರೆ ನಿನ್ನನ್ನ ಬೈದು ಇಟ್ಕೊಂಡಿರ್ತಿದ್ದೆ.”

“ನಾನು ಮತ್ತೆ ಇಲ್ಲಿಗೆ ಬರ್ಬಹುದಾ?” ರೋಷೆಲ್‌ಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ವರ್ನಾ ಕಿಟಕಿಯ ಆಚೆ ನೋಡಿದಳು. ನಾಲ್ಕು ಗಂಟೆಗೇ ಹೊರಗೆ ಬೆಳಕು ಬೂದಿಯಾಗುತ್ತಿತ್ತು.

“ಅಮ್ಮ ಅಂತ ಕರ್ದೋಳು ಹೀಗೆ ಕೇಳ್ಬಾರ್ದು,” ಎಂದಳು. “ಸ್ವಲ್ಪ ದಿನ ಕೊಡು ನನಗೆ. ಈಗ ಹೋಗು. ಗಡಿಯಾರ ನೋಡೋಳನ್ನ ಇಟ್ಕೊಂಡು ನಾನೇನ್ ಮಾಡ್ಲಿ?”

ರೋಷೆಲ್ ಕೋಟು ಹುಡುಕಿ ಹಾಕಿಕೊಂಡಳು. ಯಾರೂ ಏಳಲಿಲ್ಲ. ನಿದ್ದೆಗಣ್ಣಿನ ಆರ್ವಿಡ್ ಮಾತ್ರ ಕೈಯೆತ್ತಿ, “ಹುಷಾರು ಕಂದ, ರಸ್ತೆ ಜಾರುತ್ತೆ,” ಎಂದರು. ಆ ಮನೆಯಲ್ಲಿ ಏಳು ವರ್ಷದಿಂದ ಯಾರೇ ಹೊರಟರೂ ಅವರು ಹೇಳುವ ಮಾತು ಅದೊಂದೇ.

* * *

ಊರೆಲ್ಲ ಖಾಲಿ. ಒಂದೊಂದು ಮನೆಯ ಮುಂದೂ ಐದಾರು ಕಾರುಗಳು, ಒಂದೊಂದು ಕಿಟಕಿಯಲ್ಲೂ ಹಳದಿ ಬೆಳಕು. ಅವಳು ನಿಧಾನವಾಗಿ ಕಾರು ಓಡಿಸಿದಳು. ಬಂಕಿನ ಬಳಿ ಅವನಿರಲಿಲ್ಲ. ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಬೇಕೆಂದೇ ಎತ್ತುತ್ತಿಲ್ಲವೇನೋ. ಅತ್ತ ಅಮ್ಮನೂ ಇಲ್ಲ, ಇತ್ತ ಅವನೂ ಇಲ್ಲ ಎಂದಾದರೆ? ಮನೆಗೆ ಹೋಗಿ ದೀಪ ಹಾಕಿ ಒಬ್ಬಳೇ ಕೂರಲು ಮನಸ್ಸಾಗದೆ, ಒಂದೊಂದೇ ಬೀದಿ ಸುತ್ತಿ ವ್ಯಾನು ಹುಡುಕತೊಡಗಿದಳು.

ಗೋಧಿ ಗೋದಾಮಿನ ಹಿಂದಿನ ಬೀದಿಯಲ್ಲಿ ವ್ಯಾನು ಕಂಡಿತು. ತೊಂಬತ್ತೊಂದು ವರ್ಷದ ಕ್ವಿಸ್ಟ್ ಅಜ್ಜಿಯ ಮನೆ. ಒಂಟಿ ಮುದುಕಿ. ಕೋಟು, ಟೊಪ್ಪಿಗೆ ಎರಡೂ ಹಾಕಿಕೊಂಡೇ ಬಾಗಿಲು ತೆಗೆದರು.

“ಒಳಗೂ ಹೊರಗಿನಷ್ಟೇ ಚಳಿ, ಬಾ. ಊಟ ಕೊಡೋಕೆ ಬಂದ್ಯಾ? ಚರ್ಚಿನವರು ಆಗ್ಲೇ ಕೊಟ್ಟು ಹೋದ್ರು. ಗ್ರೇವಿ ನೀರಾಗಿತ್ತು.”

“ಇಲ್ಲ ಅಜ್ಜಿ. ಹಾಲಿಸ್ ಇದಾನಾ?”

“ಕೆಳಗೆ ನೆಲಮಾಳಿಗೇಲಿ. ಎರಡು ಗಂಟೆಯಿಂದ ಆ ಫರ್ನೇಸ್ ಹೊಟ್ಟೇಲಿ ತಲೆ ಇಟ್ಟಿದಾನೆ. ಊಟ ಮಾಡೋ ಅಂದ್ರೆ ಹಸಿವಿಲ್ಲ ಅಂತಾನೆ. ಸುಳ್ಳ.”

ಕಡಿದಾದ ಮರದ ಮೆಟ್ಟಿಲು. ಕೆಳಗೆ ತೂಗುಬಿದ್ದ ಒಂದೇ ಬಲ್ಬು. ಅವನು ನೆಲದ ಮೇಲೆ ಬೋರಲು ಮಲಗಿದ್ದ. ಬರೀ ಬೂಟುಗಳೂ ಬೆನ್ನೂ ಕಾಣುತ್ತಿದ್ದವು. ಅಂಗಿ ಮೇಲೆ ಸರಿದು ಸೊಂಟದ ಬಳಿ ಒಂದು ಬೆರಳಿನಷ್ಟು ಬಿಳಿ ಚರ್ಮ. ಚಳಿಯಾಗುತ್ತದೆ ಅವನಿಗೆ ಎಂದುಕೊಂಡಳು. ಅಂಗಿಯನ್ನು ಎಳೆದು ಸರಿಮಾಡಬೇಕೆಂದು ಕೈ ತುಡಿಯಿತು. ಮಾಡಲಿಲ್ಲ. ಮೆಟ್ಟಿಲ ಕೊನೆಯಲ್ಲೇ ನಿಂತಳು.

ಅಜ್ಜಿ ಮೇಲಿಂದ ಬಗ್ಗಿ ನೋಡಿದರು. “ಏಯ್, ನಿನ್ನ ಗುರುತು ಈಗ ಸಿಕ್ತು! ನೀನು ಆರ್ವಿಡ್ ಸೊಸೆ ಅಲ್ವಾ? ಕರ್ಟ್ ಹೆಂಡ್ತಿ?”

ಫರ್ನೇಸಿನೊಳಗೆ ಸ್ಪ್ಯಾನರಿನ ಸದ್ದು ನಿಂತಿತು.

“ಹೌದು ಅಜ್ಜಿ,” ಎಂದಳು ರೋಷೆಲ್. “ಹಾಲಿಸ್‌ನ ಹುಡುಗೀನೂ ಹೌದು.”

ಎಲ್ಲೋ ಕೊಳವೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಫರ್ನೇಸಿನ ಹೊಟ್ಟೆಯಿಂದ ಅವನ ದನಿ, ತಗಡಿಗೆ ತಾಗಿ, ಗೊಗ್ಗರಾಗಿ ಬಂತು.

“ಇನ್ನೊಂದ್ಸಲ ಹೇಳು.”

“ಕೇಳಿಸ್ತಲ್ಲ ನಿನಗೆ.”

“ಕೇಳಿಸ್ತು. ಆದ್ರೂ.”

“ಅಮ್ಮನಿಗೆ ಗೊತ್ತಾಯ್ತು ಹಾಲಿಸ್. ಅವರು ಅತ್ತುಬಿಟ್ರು. ನನ್ನನ್ನ ಮತ್ತೆ ಕರೀತಾರೋ ಇಲ್ವೋ ಗೊತ್ತಿಲ್ಲ.” ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ನನಗೆ ತುಂಬ ಭಯ ಆಗ್ತಿದೆ.”

ಅವನು ಮೆಲ್ಲಗೆ ಹಿಂದಕ್ಕೆ ಸರಿದು ಎದ್ದು ಕೂತ. ಮುಖದ ತುಂಬ ಮಸಿ, ಹುಬ್ಬಿನ ಮೇಲೆ ಒಂದು ಗೀರು. ಕೈ ಚಾಚಲು ಹೋಗಿ, ಅಂಗೈಯ ಮಸಿ ನೋಡಿ ಹಿಂದೆಳೆದುಕೊಂಡ. ಅವಳೇ ಆ ಕೈಯನ್ನು ಹಿಡಿದು ಪಕ್ಕದಲ್ಲಿ, ತಣ್ಣನೆಯ ಸಿಮೆಂಟಿನ ಮೇಲೆ, ಹಬ್ಬದ ಉಡುಪಿನಲ್ಲೇ ಕೂತಳು.

“ಏನಂದ್ಲು ಅವಳು?” ಎಂದು ಅಜ್ಜಿ ಮೇಲಿಂದ ಕೂಗಿದರು. “ಯಾರ ಹುಡುಗಿ?”

ರೋಷೆಲ್ ತಲೆಯೆತ್ತಿ, ಅಕ್ಕಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ ಆ ಮಾತನ್ನು ಇನ್ನೊಂದು ಸಲ ಹೇಳಿದಳು.