ಹತ್ತಕ್ಕೆ ಹತ್ತು ಬಂದ ಕಾರ್ಡು

ಗಾಜಿನ ಬೀರುವಿನ ಬಾಗಿಲು ತೆರೆದೇ ಇತ್ತು. ನಡುವಿನ ಅರೆ ಖಾಲಿ. ಅದರ ಮುಂದೆ ನಿಂತು ಕಶ್ಯಪ್ ತಲೆ ಚಚ್ಚಿಕೊಳ್ಳುತ್ತಿದ್ದ.

ಹೋದದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಒಂದು ಕ್ರಿಕೆಟ್ ಕಾರ್ಡು. ಐವತ್ತರ ದಶಕದಲ್ಲಿ ಪೆಪ್ಪರಮಿಂಟು ಕೊಂಡ ಮಕ್ಕಳಿಗೆ ಬಿಟ್ಟಿ ಸಿಗುತ್ತಿದ್ದ, ನಗರ್ತಪೇಟೆಯ ಯಾವುದೋ ಪ್ರೆಸ್ಸಿನಲ್ಲಿ ಅಚ್ಚಾದ, ಅಂಗೈಯಗಲದ ರಟ್ಟು. ಮೇಲೊಬ್ಬ ವಿಕೆಟ್ ಕೀಪರ್. ಈಗ, 2005ರಲ್ಲಿ, ಬಸವನಗುಡಿಯ ಈ ಬ್ಯಾಂಕ್ ಅಧಿಕಾರಿ ಅದಕ್ಕೆ ಎರಡು ಲಕ್ಷಕ್ಕೆ ವಿಮೆ ಮಾಡಿಸಿದ್ದ.

"ಈ ರಟ್ಟಿಗಾ?" ಸಬ್ ಇನ್ಸ್‌ಪೆಕ್ಟರ್ ಗಿರಿಜಾಂಬಾ ಫೋಟೋ ನೋಡುತ್ತ ಕೇಳಿದಳು.

"ಹತ್ತಕ್ಕೆ ಒಂಬತ್ತು ಬಂದಿತ್ತು ಮೇಡಂ! ಚಾಮರಾಜಪೇಟೇಲಿ ಸಂಗ್ರಾಹಕರ ಕೂಟ ಇದೆ. ಅವರು ಪರೀಕ್ಷೆ ಮಾಡಿ, ಅಂಕದ ಚೀಟಿ ಹಾಕಿ, ಪ್ಲಾಸ್ಟಿಕ್ ಪೆಟ್ಟಿಗೇಲಿ ಸೀಲ್ ಮಾಡಿ ಕೊಡ್ತಾರೆ. ಯಾವ ಕಾರ್ಡ್‌ಗೆ ಎಷ್ಟು ಅಂಕದ್ದು ಎಷ್ಟಿವೆ ಅಂತ ಎಣಿಕೆ ಇಟ್ಟಿದಾರೆ. ಒಂಬತ್ತು ಬಂದಿರೋದು ದೇಶದಲ್ಲೇ ಎರಡು."

"ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ಇಲ್ಲೇ ಇತ್ತು."

"ಮನೆಗೆ ಯಾರ್ಯಾರು ಬರ್ತಾರೆ?"

ಉತ್ತರ ಒಳಗಿನಿಂದ ಬಂತು. ಕಶ್ಯಪನ ತಾಯಿ ತುಳಸಮ್ಮ ಸೆರಗಿಗೆ ಕೈ ಒರೆಸುತ್ತ ಹೊರಬಂದರು. "ಯಾರು ಬರ್ತಾರೆ? ಮಲ್ಲೇಶ್ವರದಿಂದ ನಮ್ಮಳಿಯ ವಾದಿರಾಜ. ಅವರನ್ನ ಬಿಟ್ರೆ ಕಸ ಮುಸುರೆ ಮಾಡೋ ಮುನಿಯಕ್ಕ. ನಿನ್ನೆ ಬಂದು ಹೋದ್ಲು. ಇವತ್ತು ಪತ್ತೇನೇ ಇಲ್ಲ. ನೀವೇ ಅರ್ಥ ಮಾಡ್ಕೊಳಿ."

ಅರ್ಥ ಮಾಡಿಕೊಳ್ಳಲು ಇಲಾಖೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಡವರ ವಿಷಯದಲ್ಲಿ ಎಂದೂ ಬೇಕಾಗುವುದಿಲ್ಲ.

* * *

ಹೆಡ್ ಕಾನ್‌ಸ್ಟೆಬಲ್ ನಾರಾಯಣಪ್ಪ ಮಧ್ಯಾಹ್ನದೊಳಗೆ ಶ್ರೀರಾಂಪುರಕ್ಕೆ ಹೋಗಿ ಮುನಿಯಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಠಾಣೆಗೆ ಬಂದ. ಜೊತೆಗೊಂದು ಗೋಣಿಚೀಲ. ಮೇಜಿನ ಮೇಲೆ ಸುರಿದ. ತುಂಬ ಪ್ಲಾಸ್ಟಿಕ್ ಚೂರು.

"ಪೆಟ್ಟಿಗೆ ಒಡೆದಿದಾಳೆ ಮೇಡಂ. ಕೇಸು ಮುಗೀತು."

ಗಿರಿಜಾಂಬಾ ಒಂದೊಂದೇ ಚೂರು ಎತ್ತಿ ನೋಡಿದಳು. ಸ್ವೀಟ್ ಡಬ್ಬಿಯ ಮುಚ್ಚಳ, ಒಡೆದ ಸೋಪುಪೆಟ್ಟಿಗೆ, ಬಾಚಣಿಗೆ.

"ಇದೆಲ್ಲ ಯಾತಕ್ಕೆ?"

"ಗುಜರಿಗೆ ಹಾಕಕ್ಕಮ್ಮ. ಮನೆಮನೆ ಕಸದಾಗೆ ಆರಿಸ್ಕೊಂತೀನಿ. ಒಂದು ಚೂರೂ ಬಿಡಾಕಿಲ್ಲ."

"ಇವತ್ತು ಕೆಲಸಕ್ಕೆ ಯಾಕೆ ಹೋಗಲಿಲ್ಲ?"

"ನಮ್ಮಕ್ಕನ ತಿಥಿ ಇತ್ತು. ಅಮ್ಮಾವ್ರಿಗೆ ಹೇಳೇ ಬಂದಿದ್ದೆ. ಮರ್ತಿರಬೇಕು." ಮುನಿಯಕ್ಕ ಅಳಲಿಲ್ಲ. ಬೆರಳಚ್ಚು ತೆಗೆದಾಗ ಬೆರಳುಗಳಿಗೆ ಮೆತ್ತಿದ್ದ ಕಪ್ಪು ಮಸಿಯನ್ನು ಸೀರೆಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದಳು. "ನಾವು ಒಳಗೆ ಬಂದು ಕೆಲಸ ಮಾಡೋರಮ್ಮ. ಕಳ್ಳಿ ಅಂದ್ರೆ ಯಾರು ಬಾಗಿಲು ತೆಗೀತಾರೆ? ಎದುರುಮನೆ ಶೈಲಜಮ್ಮೋರು ಆಗಲೇ ಬೇರೆಯೋಳನ್ನ ಇಟ್ಕೊಂಡವ್ರಂತೆ."

ಅಷ್ಟರಲ್ಲಿ ನಾರಾಯಣಪ್ಪ ಪದ್ಧತಿಯಂತೆ ಅವಳ ಕೈಗೆ ಹೆಸರು ಬರೆದ ಸ್ಲೇಟು ಕೊಟ್ಟು ಫೋಟೋ ತೆಗೆಸಿದ. ಗಿರಿಜಾಂಬಾ ಪದ್ಧತಿಯಂತೆ ಕಾಗದಕ್ಕೆ ಸಹಿ ಹಾಕಿದಳು.

* * *

ಚಾಮರಾಜಪೇಟೆಯ ಕೂಟ ಎಂದರೆ ಮಹಡಿ ಮೇಲಿನ ಒಂದು ಕೋಣೆ, ಕಿಟಕಿ ಪಕ್ಕ ಒಂದು ಮೇಜು, ಭೂತಗನ್ನಡಿ ಹಿಡಿದ ವಿಶ್ವಾರಾಧ್ಯ. ಅಂಕ ಕೊಡುವವನೂ ಅವನೇ, ಎಣಿಸುವವನೂ ಅವನೇ.

"ಈ ವಿಕೆಟ್ ಕೀಪರ್ ಕಾರ್ಡು ಎಷ್ಟಿವೆ?"

"ಒಂಬತ್ತು ಬಂದಿರೋದು ಎರಡು. ಹತ್ತು ಬಂದಿರೋದು ಒಂದು. ಹೋದ ತಿಂಗಳು ಗಣೇಶನ ಹಬ್ಬ ಆದ್ಮೇಲೆ ಬಂತು."

"ಹಾಗಾದ್ರೆ ಮೂರು ಕಾರ್ಡಿವೆ."

"ಎಣಿಕೆ ಪ್ರಕಾರ ಮೂರು."

"ಎಣಿಕೆ ಪ್ರಕಾರ ಅಂದ್ರೆ?"

ವಿಶ್ವಾರಾಧ್ಯ ಭೂತಗನ್ನಡಿ ಒರೆಸಿದ. ಒರೆಸುವ ಅಗತ್ಯವೇನೂ ಇರಲಿಲ್ಲ. "ಕೆಲವರಿಗೆ ಆಸೆ ಮೇಡಂ. ಪೆಟ್ಟಿಗೆ ಒಡೆದು ಅದೇ ಕಾರ್ಡನ್ನ ಮತ್ತೆ ಕಳಿಸ್ತಾರೆ, ಅಂಕ ಜಾಸ್ತಿ ಬರಬಹುದು ಅಂತ. ಹಳೇ ಚೀಟಿ ವಾಪಸ್ ಕೊಟ್ರೆ ಎಣಿಕೆಯಿಂದ ತೆಗೀತೀವಿ. ಕೊಡದಿದ್ರೆ ಉಳಿದ್ಬಿಡುತ್ತೆ. ಸೇರಿಸೋದು ನಮ್ಮ ಕೈಲಿದೆ, ತೆಗೆಯೋದು ಇಲ್ಲ."

"ಒಂದೇ ಕಾರ್ಡಿಗೆ ಒಂದ್ಸಲ ಒಂಬತ್ತು, ಇನ್ನೊಂದ್ಸಲ ಹತ್ತು ಹೇಗೆ ಬರುತ್ತೆ?"

"ಮೋಡ ಇದ್ದ ದಿನ ಒಂಬತ್ತು, ಬಿಸಿಲಿದ್ದ ದಿನ ಹತ್ತು. ನಾನೂ ಮನುಷ್ಯ ಅಲ್ವಾ?"

"ಹತ್ತು ಬಂದ ಕಾರ್ಡು ತಂದಿದ್ದು ಯಾರು?"

"ಮಲ್ಲೇಶ್ವರದ ವಾದಿರಾಜ ಅನ್ನೋರು."

ತುಳಸಮ್ಮನ ಅಳಿಯ. ಗಿರಿಜಾಂಬಾ ಹುಬ್ಬೇರಿಸಿದಳು. ಅಳಿಯ ಕದ್ದನೇ? ಆದರೆ ಹತ್ತು ಬಂದದ್ದು ಹೋದ ತಿಂಗಳು, ಕಶ್ಯಪ್ ತನ್ನ ಕಾರ್ಡು ನೋಡಿದೆ ಎಂದದ್ದು ನಿನ್ನೆ ಬೆಳಿಗ್ಗೆ. ಒಂದೋ ಇವು ಬೇರೆ ಬೇರೆ ಕಾರ್ಡು, ಇಲ್ಲವೇ ಕಶ್ಯಪ್ ಹೇಳಿದ್ದು ಸುಳ್ಳು.

"ಸೀಲ್ ಮಾಡೋವಾಗ ಫೋಟೋ ತೆಗೀತೀರಾ?"

"ಎಲ್ಲದಕ್ಕೂ."

"ಯಾವತ್ತಾದ್ರೂ ಪಕ್ಕಪಕ್ಕ ಇಟ್ಟು ನೋಡಿದೀರಾ?"

"ಯಾರೂ ಕೇಳಿರಲಿಲ್ಲ."

* * *

ಮಾರನೆಯ ಬೆಳಿಗ್ಗೆ ಗಿರಿಜಾಂಬಾ ಬಸವನಗುಡಿಯ ಮನೆಯ ಹಜಾರದಲ್ಲಿ ಕೂರದೆ ನೇರ ಹಿತ್ತಲಿಗೆ ಹೋದಳು. ತಾಯಿ ಮಗ ಇಬ್ಬರೂ ಹಿಂದೆ ಬಂದರು. ಕಸದ ತೊಟ್ಟಿ ಇಣುಕಿದಳು. ಮುನಿಯಕ್ಕ ಆರಿಸಿದ ತೊಟ್ಟಿ, ಒಂದು ಚೂರು ಪ್ಲಾಸ್ಟಿಕ್ಕೂ ಇರಲಿಲ್ಲ.

ನಂದಿಬಟ್ಟಲು ಗಿಡದ ಬುಡದಲ್ಲಿ ಹೂವಿನ ರಾಶಿ ಇತ್ತು. ದೇವರ ತಲೆಯಿಂದ ತೆಗೆದ ನಿರ್ಮಾಲ್ಯ. ಗಿರಿಜಾಂಬಾ ಬೂಟು ಕಳಚಿ ಕುಕ್ಕುರುಗಾಲಲ್ಲಿ ಕೂತು ಕೈಯಿಂದ ಬಿಡಿಸತೊಡಗಿದಳು. ಮೇಲೆ ನಿನ್ನೆಯ ಸೇವಂತಿಗೆ. ಕೆಳಗೆ ಬಾಡಿದ್ದು. ಅದರ ಕೆಳಗೆ ದಾರ ಕಟ್ಟಿದ ಗರಿಕೆ ಕಂತೆ, ಒಣಗಿದ ಎಕ್ಕದ ಹಾರ.

"ಇದು ಗಣೇಶನ ಹಬ್ಬದ್ದಾ ತುಳಸಮ್ಮನೋರೆ?"

"ಇನ್ನೇನು ಮತ್ತೆ, ಬೇರೆ ದಿನ ಅಷ್ಟು ಗರಿಕೆ ಎಲ್ಲಿ ತರೋದು?"

ಗರಿಕೆ ಎತ್ತಿದಳು. ಅಡಿಯಲ್ಲಿ ಕಪ್ಪಾಗಿ ಕೊಳೆತ ಹೂವು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಚೂರುಗಳು. ಒಂದರ ಮೇಲೆ ಕೂಟದ ಮುದ್ರೆ.

"ನೋಡಿದ್ರಾ!" ಕಶ್ಯಪ್ ಕೂಗಿದ. "ಒಡೆದು ಇಲ್ಲಿ ಹೂತಿದಾಳೆ ಆ ಮುನಿಯಕ್ಕ!"

"ಥೂ, ಏನು ಮಾತೂಂತ ಆಡ್ತೀಯೋ!" ತುಳಸಮ್ಮನಿಗೆ ರೇಗಿತು. "ದೇವರ ಹೂವು ಅದು. ಅವಳನ್ನ ಆ ಕಡೆ ಸುಳಿಯೋಕೂ ಬಿಡಲ್ಲ ನಾನು. ಪೊರಕೇನೂ ತಾಗಿಸೋಕೆ ಬಿಡಲ್ಲ. ನಾನು, ನೀನು ಬಿಟ್ರೆ ಅದನ್ನ ಮುಟ್ಟೋರು..."

ಮಾತು ಅಲ್ಲೇ ನಿಂತಿತು. ಮಡಿಯ ಹೆಮ್ಮೆ ಮಗನ ಕೈಗೆ ಕೋಳ ತೊಡಿಸಿತ್ತು. ತುಳಸಮ್ಮ ಮಗನ ಮುಖ ನೋಡಿದರು. ಅವನು ಗಿಡ ನೋಡುತ್ತಿದ್ದ.

"ನಾನೇ ಹೇಳ್ತೀನಿ," ಗಿರಿಜಾಂಬಾ ಎದ್ದು ನಿಂತಳು. "ಹಬ್ಬದ ಮುಂಚೆ ನೀವೇ ಪೆಟ್ಟಿಗೆ ಒಡೆದ್ರಿ. ಕಸಕ್ಕೆ ಹಾಕಿದ್ರೆ ಮುನಿಯಕ್ಕ ಆರಿಸ್ತಾಳೆ. ಹಾಗಾಗಿ ಅವಳ ಕೈ ತಲುಪದ ಜಾಗ ಹುಡುಕಿದ್ರಿ. ಆಮೇಲೆ ಅವಳ ಮೇಲೇ ಹಾಕಿದ್ರಿ. ಬರೀ ಕಾರ್ಡನ್ನ ಭಾವನ ಹೆಸರಲ್ಲಿ ಮತ್ತೆ ಕಳಿಸಿದ್ರಿ. ಹತ್ತು ಬಂತು. ಹಳೇ ಚೀಟಿ ವಾಪಸ್ ಕೊಡಲಿಲ್ಲ. ಎಣಿಕೆಯಲ್ಲಿ ನಿಮ್ಮ ಒಂಬತ್ತು ಇನ್ನೂ ಬದುಕಿತ್ತು. ಇಲ್ಲದ ಕಾರ್ಡು ಕಳುವಾಯ್ತು ಅಂತ ವಿಮೆ ಕೇಳಿದ್ರಿ, ಇರೋ ಕಾರ್ಡು ಭಾವನ ಹತ್ರ."

"ಅದು ಬೇರೆ ಕಾರ್ಡು!"

ಗಿರಿಜಾಂಬಾ ಕೂಟದಿಂದ ತಂದ ಎರಡು ಫೋಟೋ ಹಿಡಿದಳು. "ಆ ಕಾಲದಲ್ಲಿ ಕೈಯಲ್ಲಿ ಕತ್ತರಿಸ್ತಿದ್ರಂತೆ. ಒಂದರ ಅಂಚು ಇನ್ನೊಂದಕ್ಕೆ ಕೂಡಲ್ಲ. ಇವೆರಡೂ ಎಡಗಡೆ ಒಂದೇ ಥರ ಓರೆ. ಗ್ಲೌಸ್ ಕೆಳಗೆ ಒಂದೇ ಮಸಿ ಚುಕ್ಕೆ. ಇನ್ನೂ ಬೇರೆ ಅಂತೀರಾ?"

ಕಶ್ಯಪ್ ಚಪ್ಪಲಿ ಮೆಟ್ಟಿಕೊಂಡು ಜೀಪಿನತ್ತ ನಡೆದ.

ಜೀಪು ಹೊರಡುವಾಗ ತುಳಸಮ್ಮ ಗೇಟಿನವರೆಗೆ ಬಂದರು. ಕಣ್ಣು ಕೆಂಪಾಗಿತ್ತು. "ಹಾಗಾದ್ರೆ ಆ ಮುನಿಯಕ್ಕಂಗೆ ನಾಳೆಯಿಂದ ಬರೋಕೆ ಹೇಳ್ತೀರಾ? ಪಾತ್ರೆ ಎಲ್ಲ ಹಾಗೇ ಬಿದ್ದಿದೆ."

ಗಿರಿಜಾಂಬಾ ಜೀಪು ಹತ್ತಿದಳು.

* * *

ಸಂಜೆಯೊಳಗೆ ಕಶ್ಯಪನಿಗೆ ಜಾಮೀನು ಸಿಕ್ಕಿತು. ಠಾಣೆಯ ಗೋಡೆಯಲ್ಲಿ, ಮನೆಗಳ್ಳರ ಸಾಲಿನಲ್ಲಿ, ಮುನಿಯಕ್ಕ ಸ್ಲೇಟು ಹಿಡಿದು ನಿಂತಿದ್ದಳು.

"ಇದನ್ನ ತೆಗೀರಿ ನಾರಾಯಣಪ್ಪ."

"ಗೋಡೆಯಿಂದ ತೆಗೀಬಹುದು ಮೇಡಂ. ಫೋಟೋ, ಬೆರಳಚ್ಚು ಎಲ್ಲ ಠಾಣೆಗೂ ಹೋಗಿದೆಯಲ್ಲ. ಸೇರಿಸೋಕೆ ಪದ್ಧತಿ ಇದೆ. ತೆಗೆಯೋಕೆ ಇಲ್ಲ."

"ಕಶ್ಯಪ್ ಫೋಟೋ ಎಲ್ಲಿ?"

"ಬ್ಯಾಂಕಿನೋರು, ಮರ್ಯಾದಸ್ಥರು, ಗೋಡೆಗೆ ಬೇಡ ಅಂತ ಮೇಲಿನಿಂದ ಫೋನ್ ಬಂತು."

ಗಿರಿಜಾಂಬಾ ತಾನೇ ಫೋಟೋ ಕಿತ್ತಳು. ಎಲ್ಲ ಠಾಣೆಗಳಿಗೂ ಪತ್ರ ಬರೆದಳು. ಯಾರೂ ಉತ್ತರಿಸಲಿಲ್ಲ.

ದೀಪಾವಳಿ ಕಳೆದು ವಾರವಾಗಿತ್ತು. ಬೇರೊಂದು ಠಾಣೆಯಿಂದ ಫೋನ್ ಬಂತು. ಯಾರದೋ ಮನೆಯಲ್ಲಿ ಸರ ಕಳುವಾಗಿತ್ತು. "ನಿಮ್ಮ ಕಡೆಯ ಹಳೇ ಕಳ್ಳಿ ಒಬ್ಬಳು ಆ ಬೀದೀಲಿ ಹೊಸದಾಗಿ ಕೆಲಸಕ್ಕೆ ಸೇರಿದಾಳೆ ಮೇಡಂ. ಎತ್ತಾಕ್ಕೊಂಡು ಬಂದಿದೀವಿ."

"ಅವರು ಕಳ್ಳಿ ಅಲ್ಲ," ಗಿರಿಜಾಂಬಾ ಎಂದಳು. "ನಾನೇ ಪತ್ತೆ ಮಾಡಿದೀನಿ. ಪತ್ರಾನೂ ಬರೆದಿದೀನಿ."

ಆ ಕಡೆಯವನು ಕಾಗದ ಮಗುಚುವ ಸದ್ದು ಕೇಳಿಸಿತು.

"ಪತ್ರ ಗೊತ್ತಿಲ್ಲ ಮೇಡಂ. ಲೆಕ್ಕದಲ್ಲಿ ಇದಾಳೆ."

ಅವನ ಹಿಂದೆ ಎಲ್ಲೋ ಮುನಿಯಕ್ಕನ ದನಿ, ಮೆಲ್ಲಗೆ, ಯಾರನ್ನೋ ಕೇಳುತ್ತಿತ್ತು: ಮಸಿ ಒರೆಸ್ಕೊಳ್ಳಾಕೆ ಒಂದು ಬಟ್ಟೆ ಕೊಡ್ತೀರಾ?